ಎಡಗಡೆ ಇಳಿದ ಅಂಚು

ಜನವರಿ 9

ಪ್ರೀತಿಯ ತಮ್ಮನಿಗೆ,

ಇಲ್ಲಿ ಕ್ಷೇಮ. ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ.

ಮೂರು ವರ್ಷ ಮಾತು ಬಿಟ್ಟವಳು ಈಗೇಕೆ ಬರೆದಳು ಎಂದು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿರಬಹುದು. ಜಗಳ ಮುಗಿಯಿತೆಂದು ತಿಳಿಯಬೇಡ. ಕೆಲಸ ಬಿದ್ದಿದೆ, ಅದಕ್ಕೇ ಬರೆದೆ. ನಿನ್ನ ಊರಿನಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರು ಯಾರಾದರೂ ಇದ್ದಾರೆಯೇ? ಇಲ್ಲಿಯವರಿಗೆ ತೋರಿಸಿದರೆ ಸಂಜೆಯೊಳಗೆ ಬೀದಿಗೆಲ್ಲ ಡಂಗುರ. ದರ್ಜಿಗೆ ಕಣ್ಣು ಹೋಯಿತೆಂಬ ಸುದ್ದಿ ಹೊರಬಿದ್ದರೆ ಅಂಗಡಿ ಅವತ್ತೇ ಮುಚ್ಚಿದ ಹಾಗೆ.

ವಿಷಯ ಇಷ್ಟು. ನಾನು ಹೊಲಿದ ಉದ್ದ ಲಂಗಗಳ, ಗೌನುಗಳ ಅಂಚು ಡೊಂಕಾಗುತ್ತಿದೆ. ನನ್ನ ಕ್ರಮ ನಿನಗೆ ಗೊತ್ತು. ಗಿರಾಕಿಯನ್ನು ಕನ್ನಡಿಯ ಮುಂದೆ ಮಣೆಯ ಮೇಲೆ ನಿಲ್ಲಿಸಿ, ನೆಲದ ಮೇಲೆ ಕೂತು, ಮಣೆಯಿಂದ ಮೇಲಕ್ಕೆ ಅಳತೆಕೋಲು ಹಿಡಿದು ಸುತ್ತಲೂ ಸೀಮೆಸುಣ್ಣದ ಗುರುತು ಹಾಕುತ್ತೇನೆ. ಇಪ್ಪತ್ತು ವರ್ಷ ಈ ಕೈ ತಪ್ಪಿಲ್ಲ. ಈಗ ಅಂಗಡಿಯಲ್ಲಿ ನೋಡಿದರೆ ಅಂಚು ಗೆರೆ ಎಳೆದ ಹಾಗಿರುತ್ತದೆ, ಮನೆಗೆ ಹೋಗಿ ಉಟ್ಟರೆ ಎಡಗಡೆ ಒಂದು ಬೆರಳು ಇಳಿದಿರುತ್ತದೆ. ಮೊದಲು ಶಾಲೆಯ ಟೀಚರು ತಂದರು. ಬಿಚ್ಚಿ ಮತ್ತೆ ಗುರುತು ಹಾಕಿಕೊಟ್ಟೆ. ಮತ್ತೆ ತಂದರು. ಆಮೇಲೆ ಬ್ಯಾಂಕಿನ ಹುಡುಗಿ, ಆಮೇಲೆ ಅವಳ ತಾಯಿ. ಆ ತಾಯಿ ಬಹಳ ಮೆತ್ತಗೆ ಹೇಳಿದರು, "ವಯಸ್ಸು ಯಾರನ್ನೂ ಬಿಡಲ್ಲಮ್ಮ, ಒಂದ್ಸಲ ಕಣ್ಣು ತೋರಿಸಿಕೊಳ್ಳಿ." ಬೈದಿದ್ದರೆ ವಾಸಿಯಿತ್ತು.

ನಿನ್ನ ಭಾವ ತೀರಿಕೊಂಡ ವರ್ಷ ನಾನು ಹಿಡಿದ ಅಂಗಡಿ ಇದು. ಇದು ಬಿಟ್ಟರೆ ನನಗೆ ಬೇರೇನೂ ಬಾರದು. ರಾತ್ರಿ ಸೂಜಿಗೆ ದಾರ ಪೋಣಿಸಿ ಪೋಣಿಸಿ ನೋಡುತ್ತೇನೆ, ಮೊದಲ ಸಲಕ್ಕೇ ಹೋಗುತ್ತದೆ. ಹಾಗಿದ್ದರೂ ಭಯ ಹೋಗುತ್ತಿಲ್ಲ. ಡಾಕ್ಟರ ವಿಳಾಸ ಕಳಿಸು. ಬೇರೇನೂ ಬರೆಯಬೇಕಿಲ್ಲ.

ನಿನ್ನ ಅಕ್ಕ

*

ಜನವರಿ 17

ಅಕ್ಕನಿಗೆ ನಮಸ್ಕಾರ.

ಇಲ್ಲಿ ನಾವಿಬ್ಬರೂ ಕ್ಷೇಮ.

ವಿಳಾಸ ಕಳಿಸುವುದಿಲ್ಲ, ಸಿಟ್ಟಾಗಬೇಡ. ನಿನ್ನ ಕಣ್ಣು ಕೆಟ್ಟಿದ್ದರೆ ಒಬ್ಬರಿಗೆ ಎಡ, ಇನ್ನೊಬ್ಬರಿಗೆ ಬಲ ಇಳಿಯಬೇಕಿತ್ತು. ಎಲ್ಲರಿಗೂ ಎಡಗಡೆಯೇ ಇಳಿದಿದೆ ಎಂದು ನೀನೇ ಬರೆದಿದ್ದೀಯ. ಎಲ್ಲರೂ ನಿಲ್ಲುವುದು ಅದೇ ಮಣೆಯ ಮೇಲೆ, ಅದೇ ಕನ್ನಡಿಗೆ ಮುಖ ಮಾಡಿ. ನನ್ನ ನೆನಪು ಸರಿಯಿದ್ದರೆ ಅವರ ಎಡಕ್ಕೆ ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಒಂದು ಮರದ ಕಂಬವಿದೆ.

ನಿನ್ನ ಅಂಗಡಿಯಿರುವ ಆ ಹಳೆಯ ಮನೆಯನ್ನು ನಾನು ಒಂದೇ ಸಲ ನೋಡಿದ್ದು, ಆದರೆ ಮರೆತಿಲ್ಲ. ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವವನಿಗೆ ಅಂಥ ಮನೆ ಸಿಗುವುದೇ ಅಪರೂಪ. ಗಾಡಿ ಸಮೇತ ಒಳಗೆ ಹೋಗಬಹುದಾದ ತಲೆಬಾಗಿಲು, ಆಮೇಲೆ ಕಮಾನಿನ ಓಣಿ, ಅದು ಮುಗಿದಲ್ಲಿ ಆಕಾಶಕ್ಕೆ ತೆರೆದಿದ್ದ ನಡು ಅಂಗಳ, ಅದರ ನಾಲ್ಕು ಮೂಲೆಗೆ ನಾಲ್ಕು ಕಂಬ, ಆ ಕಂಬಗಳ ತಲೆಯ ಮೇಲೆ ಎರಡು ಅಂತಸ್ತು. ಯಾರೋ ಸಾಹುಕಾರ ಕೆಲಸದವರಿಗೆ ಹೊಟ್ಟೆತುಂಬ ಊಟ ಹಾಕಿ ಕಟ್ಟಿಸಿದ ಮನೆ ಅದು. ಆಮೇಲೆ ಬಂದವರು ಅಂಗಳಕ್ಕೆ ಗಾಜಿನ ಮಾಡು ಹೊದಿಸಿದರು, ಲಾಯವನ್ನು ಒಂದು ಅಂಗಡಿ ಮಾಡಿದರು, ಅಡುಗೆಮನೆಯನ್ನು ಇನ್ನೊಂದು, ಚಪ್ಪಲಿ ಅಂಗಡಿಗೆ ಅಗಲದ ಷೋಕೇಸು ಬೇಕೆಂದು ಮುಂದಿನ ಗೋಡೆಯನ್ನೇ ಕಿತ್ತರು. ಅವತ್ತು ನಾನು ಅಂಗಳದಲ್ಲಿ ನಿಂತು, "ಹೊಲಿಗೆ ಬಾರದವನು ಕತ್ತರಿ ಹಿಡಿದ ಹಾಗಿದೆ" ಅಂದೆ. ನೀನು ಏನಂದೆ ಎಂದು ಇಬ್ಬರಿಗೂ ನೆನಪಿದೆ, ಬರೆಯುವುದಿಲ್ಲ.

ಒಂದು ಕೆಲಸ ಮಾಡು. ದಾರದ ರೀಲೊಂದನ್ನು ಕನ್ನಡಿಯ ಮುಂದಿನ ನೆಲದ ಮೇಲೆ ಇಟ್ಟು ಕೈ ಬಿಡು. ಅದು ಎತ್ತ ಹೋಯಿತೆಂದು ಬರೆ. ಅಲ್ಲಿಯವರೆಗೆ ಗಿರಾಕಿಗಳ ಬಾಯಿ ಮುಚ್ಚಿಸಲು ಮಣೆಯ ಎಡಗಾಲಿನ ಅಡಿಗೆ ರಟ್ಟು ಕೊಟ್ಟು, ಮೇಲೆ ನೀರಿನ ತಟ್ಟೆ ಇಟ್ಟು ಸಮ ಮಾಡಿಕೋ.

ನಿನ್ನ ಅಂಗಡಿಯ ಮೇಲಿನ ಅಂತಸ್ತಿನ ಹಾಲಿನಲ್ಲಿ ಈಗ ಏನಿದೆ?

ನಿನ್ನ ತಮ್ಮ

*

ಜನವರಿ 28

ತಮ್ಮನಿಗೆ,

ಇಲ್ಲಿ ಕ್ಷೇಮ ಎಂದು ಬರೆಯಲು ಕೈ ಹಿಂಜರಿಯುತ್ತಿದೆ. ಆದರೂ ಬರೆದೆ, ಅಭ್ಯಾಸ.

ನಿನ್ನ ಕಾಗದ ಓದಿ ಮೊದಲು ನಕ್ಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆಯನ್ನು ನನ್ನ ತಮ್ಮ ನನಗೇ ಹೊಲಿದುಕೊಟ್ಟ ಅಂದುಕೊಂಡೆ. ಅಂಗಡಿ ಮುಚ್ಚುವ ಹೊತ್ತಿಗೆ ನೀಲಿ ದಾರದ ರೀಲನ್ನು ನೆಲದ ಮೇಲಿಟ್ಟೆ. ಕ್ಷಣ ಹೊತ್ತು ಸುಮ್ಮನಿತ್ತು. ಆಮೇಲೆ ಯಾರೋ ಕರೆದ ಹಾಗೆ ಹೊರಟಿತು. ಎಡಕ್ಕೆ ತಿರುಗಿ, ದಾರ ಬಿಚ್ಚಿಕೊಳ್ಳುತ್ತ ಹೋಗಿ, ಪ್ಲೈವುಡ್ಡಿನ ಪೆಟ್ಟಿಗೆಯ ಬುಡಕ್ಕೆ ತಾಗಿ ನಿಂತಿತು. ಇನ್ನೊಂದು ಇಟ್ಟೆ, ಅದೂ ಅಲ್ಲಿಗೇ. ಮೂರನೆಯದನ್ನು ಇಡಲು ಧೈರ್ಯ ಬರಲಿಲ್ಲ.

ಕಣ್ಣು ಸರಿಯಿದೆಯೆಂದು ಸಂತೋಷಪಡಬೇಕಿತ್ತು. ಪಟ್ಟೆ, ಸುಳ್ಳು ಹೇಳುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅರ್ಧ ಬೀದಿಯವರೆಗೆ ಮಾತ್ರ ಆ ಸಂತೋಷ ಉಳಿಯಿತು.

ಮರುದಿನ ಪೆಟ್ಟಿಗೆಯ ಒಂದು ಹಲಗೆ ಬಿಚ್ಚಿದೆ. ಕಂಬದ ಸೊಂಟದಲ್ಲಿ ಬಳ್ಳಿಯ ಕೆತ್ತನೆ ಇದೆ, ಎಷ್ಟು ಚೆಂದವೋ. ಅಂಥದ್ದಕ್ಕೆ ಬೆನ್ನು ಹಾಕಿ ಮೂರು ವರ್ಷ ಹೊಲಿದಿದ್ದೇನೆ. ಆದರೆ ಬುಡದ ಕಲ್ಲು ಸುತ್ತಲಿನ ನೆಲವನ್ನು ತನ್ನ ಕಡೆಗೆ ಎಳೆದುಕೊಂಡು ಕೆಳಗೆ ಕೂತಿದೆ, ತೂಕದ ಮನುಷ್ಯ ಹಾಸಿಗೆಯ ಮೇಲೆ ಕೂತ ಹಾಗೆ. ಅಂಗಡಿಯಿಂದ ಹೊರಗೆ ಓಣಿಯ ಕಮಾನಿನ ಮೇಲೆ ಒಂದು ಬಿರುಕು ಬಂದಿದೆ. ಇಷ್ಟು ದಿನ ಅದು ಕೊಳೆಯ ಗೆರೆಯೆಂದು ತಿಳಿದಿದ್ದೆ. ಇದೇ ಮನೆಯಲ್ಲಿರುವ ಗಡಿಯಾರ ರಿಪೇರಿಯವರ ಲೋಲಕದ ಗಡಿಯಾರಗಳು ಒಂದೊಂದಾಗಿ ನಿಂತುಹೋಗುತ್ತಿವೆ, ಪಾಪ, ಎಣ್ಣೆ ಹಾಕಿ ಹಾಕಿ ಸುಸ್ತಾಗಿದ್ದಾರೆ.

ಮೇಲಿನ ಹಾಲನ್ನು ಮಾಲೀಕರು ಹೋದ ವರ್ಷ ಟೈಲ್ಸಿನವನಿಗೆ ಕೊಟ್ಟರು. ದಿನವೂ ಕೂಲಿಗಳು ಪೆಟ್ಟಿಗೆ ಹೊತ್ತು ಹತ್ತುತ್ತಾರೆ, ಬರಿಗೈಲಿ ಇಳಿಯುತ್ತಾರೆ. ಮಾಲೀಕರಿಗೆ ಹೇಳಿದೆ. ಅವರು ಮೀಸೆಯಡಿ ನಕ್ಕರು. "ಹಳೇ ಮನೆ ಅಂದ್ರೆ ಹಳೇ ಮನುಷ್ಯರ ಹಾಗಮ್ಮ, ಮಂಡಿ ನೋವು ಇದ್ದೇ ಇರುತ್ತೆ. ನಿಮಗೆ ಇಷ್ಟ ಇಲ್ಲದಿದ್ದರೆ ಆ ಜಾಗ ಕೇಳ್ಕೊಂಡು ಇನ್ನಿಬ್ಬರು ಬಂದಿದ್ದಾರೆ" ಅಂದರು.

ಬಿಟ್ಟು ಎಲ್ಲಿಗೆ ಹೋಗಲಿ? ಮದುವೆ ಸೀಸನ್ನಿನ ಬಟ್ಟೆಯೆಲ್ಲ ರಾಶಿ ಬಿದ್ದಿದೆ. ನನಗೆ ಹೆದರಿಕೆಯಾಗಿದೆ ಎಂದು ನಿನ್ನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಹೇಳಿಲ್ಲ.

ನಿನ್ನ ಹೆಂಡತಿ ಹೇಗಿದ್ದಾಳೆ? ನಿನ್ನ ಕಾಗದದಲ್ಲಿ ಅವಳ ಸುದ್ದಿಯೇ ಇಲ್ಲ.

ಅಕ್ಕ

*

ಫೆಬ್ರವರಿ 4

ಅಕ್ಕನಿಗೆ ನಮಸ್ಕಾರ.

ನಾವಿಬ್ಬರೂ ಕ್ಷೇಮ.

ಅಂಥ ಮನೆಗಳಲ್ಲಿ ಕಂಬದ ಕೆಳಗೆ ನೆಲಮಾಳಿಗೆಯಿರುತ್ತದೆ, ಅಲ್ಲಿ ಕಂಬವನ್ನು ಹೊತ್ತ ದಪ್ಪನೆಯ ಇಟ್ಟಿಗೆಯ ದಿಂಡು ಇರುತ್ತದೆ. ಯಾರೋ ಗೋದಾಮಿಗೆ ಜಾಗ ಸಾಲದೆಂದು ಅದನ್ನು ಕೆತ್ತಿರಬೇಕು. ಇದು ಊಹೆ, ನೋಡದೆ ಹೇಳಲಾರೆ. ನೀನು ಮಾತ್ರ ಕೆಳಗೆ ಇಳಿದು ನೋಡಬೇಡ.

ತಿಳಿಯಬೇಕಾದದ್ದು ಒಂದೇ ವಿಷಯ. ಮನೆ ಹಿಂದೆಂದೋ ಕುಸಿದು ಈಗ ಸುಮ್ಮನೆ ಕೂತಿದೆಯೋ, ಇನ್ನೂ ಕುಸಿಯುತ್ತಲೇ ಇದೆಯೋ? ಹಿಂದೆಂದೋ ಕುಸಿದದ್ದಾದರೆ ನೀನು ಅಲ್ಲೇ ಹೊಲಿದುಕೊಂಡಿರಬಹುದು. ಇನ್ನೂ ಕುಸಿಯುತ್ತಿದ್ದರೆ ಒಂದು ದಿನವೂ ಇರಬಾರದು. ಅದನ್ನು ಕಂಡುಹಿಡಿಯಲು ನಾವು ಹೀಗೆ ಮಾಡುತ್ತೇವೆ: ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಗಾರೆ ಮೆತ್ತುತ್ತೇವೆ. ಬಟ್ಟೆ ಎಳೆದರೆ ಹಿಗ್ಗುತ್ತದೆ, ಮರವಾದರೆ ಬಾಗುತ್ತದೆ, ಗಾಜಿಗೆ ಎರಡೂ ಬಾರದು. ಗೋಡೆ ಕೂದಲೆಳೆಯಷ್ಟು ಸರಿದರೂ ಸೀಳಿಬಿಡುತ್ತದೆ. ಒಂದು ತಿಂಗಳು ಒಡೆಯದಿದ್ದರೆ ನೆಮ್ಮದಿ. ಒಡೆದರೆ ಅದೇ ಗಳಿಗೆ ಎಲ್ಲರೂ ಹೊರಗೆ. ಗಾಜು ಏಕೆ ಅಂಟಿಸಿದ್ದೇವೆಂದು ಅಲ್ಲಿರುವ ಪ್ರತಿಯೊಬ್ಬರಿಗೂ ಹೇಳು. ನೀನೊಬ್ಬಳೇ ಕಾಯಲಾಗದು.

ನಾನೇ ಬಂದು ನೋಡಬಹುದು, ಒಂದು ರಾತ್ರಿಯ ರೈಲು. ಆದರೆ ಹೊಸಿಲು ತುಳಿಯಬೇಡ ಎಂದವಳು ನೀನು. ಬಾ ಎಂದರೆ ಬರುತ್ತೇನೆ.

ತಮ್ಮ

*

ಮಾರ್ಚ್ 20

ಪುಕ್ಕಲನಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಕ್ಷೇಮ, ಈ ಸಲ ನಿಜವಾಗಿಯೂ. ಗಾಜು ಒಡೆದಿಲ್ಲ!

ತಡವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲ ವಾರಗಳಲ್ಲಿ ಬರೆಯುವ ಸ್ಥಿತಿಯಲ್ಲಿರಲಿಲ್ಲ. ದಿನವೂ ಬೆಳಿಗ್ಗೆ ಓಣಿಗೆ ಕಾಲಿಡುವ ಮುಂಚೆ ಅಲ್ಲೇ ನಿಲ್ಲುತ್ತಿದ್ದೆ. ತಲೆಯೆತ್ತಿ ನೋಡುವುದು, ಗಾಜು ಇಡಿಯಾಗಿರುವುದು, ಉಸಿರು ಬಿಡುವುದು. ಹೊಲಿಯುವಾಗ ಮೇಲೆ ಪೆಟ್ಟಿಗೆ ಇಟ್ಟ ಸದ್ದಾದರೆ ಗಿರಾಕಿಯ ಮುಂದೆಯೇ ಸೂಜಿ ಚುಚ್ಚಿಕೊಂಡಿದ್ದೇನೆ. ಈಗ ಸ್ವಲ್ಪ ವಾಸಿ. ಅಂಚಿನ ದೂರುಗಳೂ ನಿಂತಿವೆ, ಟೀಚರು ತಾವಾಗಿಯೇ ಇನ್ನೊಂದು ಲಂಗದ ಬಟ್ಟೆ ತಂದುಕೊಟ್ಟರು.

ಗಾಜು ಹಾಕಿದವರು ನಮ್ಮ ಪಕ್ಕದ ಫ್ರೇಮಿನಣ್ಣ. ಹಳೆಯ ಲಾಯದಲ್ಲಿ ಫೋಟೊಗಳಿಗೆ ಕಟ್ಟು ಹಾಕುವವರು. ಎಲ್ಲರಿಗಿಂತ ಮುಂಚೆ ಬಾಗಿಲು ತೆಗೆಯುತ್ತಾರೆ, ಓಣಿ ಗುಡಿಸುವುದೂ ಅವರೇ. ಅವರ ಗಾಜಿನ ಅಹಂಕಾರ ನೋಡಬೇಕು ನೀನು. ವಜ್ರದ ಮೊನೆಯಲ್ಲಿ ಗೆರೆ ಎಳೆದು, ಬೆರಳಲ್ಲಿ ಟಕ್ಕೆಂದು ಮುರಿದು, "ನನ್ನ ಕೈಯ ಗಾಜು ನನಗಿಂತ ಹೆಚ್ಚು ಕಾಲ ಬಾಳುತ್ತಮ್ಮ" ಅಂದರು. ಏಣಿ ಹತ್ತಿ, ಪಟ್ಟಿ ಅಂಟಿಸಿ, ಕೆಳಗಿಳಿದು, ಕಣ್ಣು ಕಿರಿದು ಮಾಡಿ ಸೊಟ್ಟ ಇದೆಯೇ ಎಂದು ನೋಡಿ ಮತ್ತೆ ಹತ್ತಿ ಸರಿಮಾಡಿದರು. ಬಿರುಕಿನ ಗಾಜಿಗೂ ಆ ಮರ್ಯಾದೆ.

ಎಲ್ಲರಿಗೂ ಹೇಳು ಅಂದಿದ್ದೆ ನೀನು. ಹೇಳಲಿಲ್ಲ. ಬೈಯಬೇಡ. ಸೀಸನ್ನಿನ ನಡುವೆ "ಈ ಮನೆ ಬೀಳಬಹುದು" ಎಂದು ನಾನೇ ಬಾಯಿಬಿಟ್ಟರೆ ಯಾರು ಬಂದು ಆ ಮಣೆಯ ಮೇಲೆ ನಿಲ್ಲುತ್ತಾರೆ? ಫ್ರೇಮಿನಣ್ಣನಿಗೆ ಬಿರುಕು ಬೆಳೆಯದ ಹಾಗೆ ಹಿಡಿದುಕೊಳ್ಳಲು ಎಂದು ಹೇಳಿದೆ. ತೇಪೆ ಹಾಕುವುದು ಅವರಿಗೂ ಅರ್ಥವಾಗುವ ಕೆಲಸ, ಒಪ್ಪಿಕೊಂಡರು. ಹೇಗೂ ಒಡೆದಿಲ್ಲವಲ್ಲ, ಇನ್ನು ಹೇಳಿ ಏನು?

ನೀನು ಚಿಕ್ಕಂದಿನಿಂದಲೂ ಹಾಗೇ. ಮಾಳಿಗೆಗೆ ಹೋಗುವ ಕತ್ತಲ ಮೆಟ್ಟಿಲು ನೆನಪಿದೆಯೇ? ನಾನು ಮುಂದೆ ಹತ್ತಬೇಕು, ನೀನು ನನ್ನ ಲಂಗದ ಅಂಚು ಹಿಡಿದು ಹಿಂದೆ. ನನ್ನ ಎಷ್ಟು ಲಂಗಗಳ ಹೊಲಿಗೆ ಬಿಚ್ಚಿಹೋಯಿತೋ. ನಾನು ಹೊಲಿಗೆ ಕಲಿತದ್ದೇ ಅದನ್ನು ರಿಪೇರಿ ಮಾಡಿಕೊಳ್ಳಲು.

ಇಲ್ಲೇ ಇರಲೇ? ನೀನು ಹೂಂ ಅಂದರೆ ಮುಂದಿನ ವರ್ಷಕ್ಕೂ ಕರಾರು ಬರೆಯುತ್ತೇನೆ. ಇಲ್ಲ ಅಂದರೆ ಬಿಡುತ್ತೇನೆ. ಈ ಸಲ ನಿನ್ನ ಮಾತು ಕೇಳುತ್ತೇನೆ.

ಅಕ್ಕ

*

ಏಪ್ರಿಲ್ 2

ಅಕ್ಕನಿಗೆ ನಮಸ್ಕಾರ.

ಇಲ್ಲಿ ಕ್ಷೇಮ.

ನಿನ್ನ ಕಾಗದವನ್ನು ಕಚೇರಿಯಲ್ಲೇ ನಿಂತುಕೊಂಡು ಓದಿದೆ. ಓದಿ ಮುಗಿಸಿ ಕೂತೆ. ಅಷ್ಟು ದಿನ ಹೊತ್ತಿದ್ದ ಭಾರ ಇಳಿಯಿತು.

ಎಲ್ಲೋ ಒಂದು ಕಡೆ ಇನ್ನೂ ಒಪ್ಪಿಗೆಯಾಗುತ್ತಿಲ್ಲ. ಅಷ್ಟು ಟೈಲ್ಸ್ ಹೊತ್ತೂ ಕಂಬ ಕದಲದೆ ಇರುವುದು ನನ್ನ ಲೆಕ್ಕಕ್ಕೆ ಬರುತ್ತಿಲ್ಲ. ಆದರೆ ನನ್ನ ಲೆಕ್ಕಕ್ಕಿಂತ ಗಾಜು ದೊಡ್ಡದು. ಅದು ನನ್ನ ಹಾಗೆ ಹೆದರುವುದಿಲ್ಲ, ನಿನ್ನ ಹಾಗೆ ಹಟವನ್ನೂ ಮಾಡುವುದಿಲ್ಲ. ಮನೆ ಹಿಂದೆಂದೋ ಕುಸಿದು ನಿಂತಿರಬೇಕು. ನಾನು ಎಲ್ಲ ಮನೆಯಲ್ಲೂ ಬೀಳುವುದನ್ನೇ ಕಾಣುತ್ತೇನೆ ಎಂದು ಇನ್ನೊಬ್ಬರೂ ಹೇಳಿದ್ದಾರೆ, ನಿಜವಿರಬಹುದು.

ಇರು ಅಕ್ಕಾ. ಕರಾರು ಬರೆ.

ತಮ್ಮ

*

ಏಪ್ರಿಲ್ 19

ತಮ್ಮಾ,

ತಂತಿ ಕೊಟ್ಟು ಬಂದು ಇದನ್ನು ಎದುರು ಬೀದಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. "ಗಾಜು ಒಡೆದಿದೆ, ಬಾ" ಎಂಬುದರಲ್ಲಿ ಏನು ತಿಳಿಯುತ್ತದೆ? ಪೂರ್ತಿ ಹೇಳದಿದ್ದರೆ ತಲೆ ಸಿಡಿದುಹೋಗುತ್ತದೆ.

ಇವತ್ತು ಒಂದು ಗೌನು ಕೊಡಬೇಕಿತ್ತೆಂದು ಬೇಗ ಬಂದೆ. ಓಣಿಯಲ್ಲಿ ಫ್ರೇಮಿನಣ್ಣ ಏಣಿಯ ಮೇಲಿದ್ದರು. ಕೈಯಲ್ಲಿ ಚಾಕು, ಕಮಾನಿನ ಮೇಲಿನ ಗಾರೆ ಕೆರೆಯುತ್ತಿದ್ದರು. ನನ್ನನ್ನು ಕಂಡು ಕಳ್ಳನ ಹಾಗೆ ಬೆಚ್ಚಿದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

"ನಿಮಗೆ ಹೇಳೋಕೆ ನಾಚಿಕೆ ಆಯ್ತಮ್ಮ" ಅಂದರು. "ನಲವತ್ತು ವರ್ಷದಲ್ಲಿ ನನ್ನ ಗಾಜು ಹೀಗೆ ಮಾನ ಕಳೆದಿರಲಿಲ್ಲ. ಹಾಕ್ತೀನಿ, ಸೀಳುತ್ತೆ. ಹಾಕ್ತೀನಿ, ಸೀಳುತ್ತೆ. ನೀವು ಬರೋ ಮುಂಚೆ ಬದಲಾಯಿಸಿಬಿಡ್ತಿದ್ದೆ. ಈ ಸಲ ದಪ್ಪದ್ದು ತಂದಿದೀನಿ, ಹಿಡ್ಕೊಳ್ಳುತ್ತೆ ನೋಡಿ."

ಎಷ್ಟು ಸಲ ಬದಲಾಯಿಸಿದಿರಿ ಎಂದೆ.

"ಮೊದಮೊದಲು ವಾರಕ್ಕೊಂದು. ಈಗ ದಿನಾ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಹೆದರಿದ್ದಾರೆ ಪಾಪ. ಸೀಳಿದ ಗಾಜು ಕಂಡರೆ ನಾಲ್ಕು ಜನ ತಮ್ಮ ಕೈಕೆಲಸವನ್ನು ಆಡಿಕೊಳ್ಳುತ್ತಾರೆ ಎಂದಷ್ಟೇ ಅವರ ಚಿಂತೆ. ಅವರನ್ನು ಬೈಯಲು ನನಗೇನು ಹಕ್ಕಿದೆ? ಒಡೆಯಲೆಂದೇ ಹಾಕಿದ ಗಾಜು ಅದು ಎಂದು ನಾನು ಹೇಳಿದ್ದರೆ ತಾನೆ.

ಇನ್ನೂ ಇದೆ, ಕೇಳು. ನೇರವಾಗಿ ಅಂಗಡಿಗೆ ಹೋಗಿ ಮಣೆಯನ್ನು ಎತ್ತಿದೆ. ನೀನು ಹೇಳಿದ ಹಾಗೆ ಜನವರಿಯಲ್ಲಿ ಎಡಗಾಲಿಗೆ ಒಂದು ರಟ್ಟು ಕೊಟ್ಟಿದ್ದೆ. ಆಮೇಲೆ ಅಂಚು ಮತ್ತೆ ಇಳಿದಾಗ ಇನ್ನೊಂದು ಕೊಟ್ಟೆ. ಹೀಗೆ ವಾರ ವಾರವೂ ನೀರಿನ ತಟ್ಟೆ ಇಟ್ಟು, ಒಂದೊಂದೇ ತುರುಕುತ್ತ ಬಂದಿದ್ದೇನೆ. ಕೆಲಸದ ಭರದಲ್ಲಿ ಅದು ಸುದ್ದಿಯೆಂದೇ ಅನ್ನಿಸಲಿಲ್ಲ. ನಿನಗೆ ಬರೆಯಲಿಲ್ಲ. ಇವತ್ತು ನೋಡಿದರೆ ರಟ್ಟಿನ ಅಟ್ಟಿ ನನ್ನ ಅಂಗೈ ದಪ್ಪವಾಗಿದೆ. ನೆಲ ಇಳಿಯುತ್ತಲೇ ಇತ್ತು ತಮ್ಮಾ, ನಾನು ಅದರ ಮೇಲೆ ಕೂತು ಅಂಚು ಸರಿಯಾಗಿದೆಯೆಂದು ಹಿಗ್ಗುತ್ತಿದ್ದೆ. ಗೋಡೆಯ ಬಾಯನ್ನು ಅವರು ಮುಚ್ಚಿದರೆ ನೆಲದ ಬಾಯನ್ನು ನಾನು ಮುಚ್ಚಿದೆ. ನೀನು ಇರು ಅಂದದ್ದು ನಮ್ಮಿಬ್ಬರ ಈ ಸುಳ್ಳನ್ನು ನಂಬಿ.

ಎಲ್ಲರಿಗೂ ಈಗ ಹೇಳಿದೆ. ಯಾರೂ ಏಳುತ್ತಿಲ್ಲ. ಚಪ್ಪಲಿ ಅಂಗಡಿಯವನು, "ನಿನ್ನೆವರೆಗೆ ಇಲ್ಲದ್ದು ಇವತ್ತು ಎಲ್ಲಿಂದ ಬಂತಕ್ಕ" ಅಂದ. ಇಲ್ಲಿಂದ ನೋಡಿದರೆ ಅವನು ಷೋಕೇಸಿನಲ್ಲಿ ಬೂಟು ಜೋಡಿಸುತ್ತಿರುವುದು ಕಾಣುತ್ತದೆ. ಅವನ ತಲೆಯ ಮೇಲೆ ಎರಡು ಅಂತಸ್ತು. ನನಗೆ ತಡೆದುಕೊಳ್ಳಲಾಗುತ್ತಿಲ್ಲ.

ಹೊಸಿಲು ತುಳಿಯಬೇಡ ಅಂದಿದ್ದೆ. ಈಗಲೂ ತುಳಿಯಬೇಡ, ಹೊರಗೇ ನಿಂತು ನೋಡು. ಆದರೆ ಬಾ.

ಅಕ್ಕ

*

ತಂತಿ. ಏಪ್ರಿಲ್ 19

ಎಲ್ಲರನ್ನೂ ಹೊರಗೆ ಕರೆ. ಕತ್ತರಿ ತರಲು ಕೂಡ ಒಳಗೆ ಹೋಗಬೇಡ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಬರುತ್ತೇನೆ. ತಮ್ಮ.

*

ಜೂನ್ 11

ಪ್ರೀತಿಯ ತಮ್ಮನಿಗೆ,

ಕ್ಷೇಮದ ವಿಷಯ ಕೊನೆಗೆ ಬರೆಯುತ್ತೇನೆ.

ನೀನು ಇಲ್ಲಿದ್ದ ದಿನಗಳಲ್ಲಿ ಇಬ್ಬರಿಗೂ ಮಾತು ಹೊರಡಲಿಲ್ಲ. ನೀನು ರೈಲಿಳಿದು ಬರುವ ಮುಂಚೆ ಏನಾಯಿತು, ನೀನು ಒಳಗಿದ್ದಾಗ ಹೊರಗೆ ಏನಾಯಿತು, ಇವೆರಡೂ ನಿನಗೆ ಗೊತ್ತಿಲ್ಲ. ಬರೆಯುತ್ತೇನೆ.

ನಿನ್ನ ತಂತಿ ಬಂದಾಗಲೂ ಎಲ್ಲರೂ ಒಳಗೇ ಇದ್ದರು. ಕತ್ತರಿಗೆ ಕೂಡ ಹೋಗಬೇಡ ಅಂದಿದ್ದೆ, ನಾನು ಕತ್ತರಿಗೇ ಹೋದೆ. ಬೈದುಕೋ. ದೊಡ್ಡ ಕತ್ತರಿಯನ್ನು ಉದ್ದ ದಾರಕ್ಕೆ ಕಟ್ಟಿ, ನಡು ಅಂಗಳದಲ್ಲಿ ಮೇಲಿನ ಮೊಗಸಾಲೆಯ ಕಂಬಿಯಿಂದ ನನ್ನ ಅಂಗಡಿಯ ಮೂಲೆಯ ಕಂಬದ ಅಂಗಳದ ಮಗ್ಗುಲಿಗೇ ಇಳಿಬಿಟ್ಟೆ. ಅದು ತೂಗಾಡಿ ತೂಗಾಡಿ ನಿಂತಿತು. ದಾರ ಒಂದು ಕಡೆ, ಕಂಬ ಇನ್ನೊಂದು ಕಡೆ. ಮೇಲೆ ಬೆರಳು ತೂರದಷ್ಟು ಸಂದು, ಕೆಳಗೆ ಮೊಳದಷ್ಟು. "ಇದಕ್ಕೆ ಕಣ್ಣು ಮಂಜಾಗಿಲ್ಲ, ನೋಡ್ಕೊಳ್ಳಿ" ಅಂದೆ. ಗಡಿಯಾರದವರು ಮೊದಲು ಬಂದು ನೋಡಿದರು. ಲೋಲಕ ಯಾಕೆ ನಿಲ್ಲುತ್ತಿತ್ತೆಂದು ಅವರಿಗೆ ಆಗ ಹೊಳೆದಿರಬೇಕು. ಕನ್ನಡಕ ಜೇಬಿಗಿಟ್ಟು ಹೊರಗೆ ನಡೆದರು. ಅವರ ಹಿಂದೆ ಚಪ್ಪಲಿಯವನು, ಅವನ ಹಿಂದೆ ಕೂಲಿಗಳು. ಫ್ರೇಮಿನಣ್ಣ ಮಾತ್ರ ಒಡೆದ ಗಾಜುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಕೊನೆಗೆ ಬಂದರು.

ಮರುದಿನ ನೀನು ಬಂದೆ. ಹೊರಗೇ ನಿಲ್ಲು ಅಂದಿದ್ದೆ, ನಿಲ್ಲಲಿಲ್ಲ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ಸಂಸಾರಗಳಿವೆ, ಅವರು ಇಳಿದು ಬರುವವರೆಗಾದರೂ ಕಂಬ ನಿಲ್ಲಬೇಕು ಎಂದು ಹೇಳಿ, ಮರದ ಆಸರೆ ಹೊತ್ತ ಇಬ್ಬರನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದೆ. ಪುಕ್ಕಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಕತ್ತಲ ಮೆಟ್ಟಿಲಿಳಿಯುವ ನಿನ್ನ ಬೆನ್ನು ನೋಡಿ, ನಾನು ಮುಂದೆ ಹೋಗಬೇಕಿತ್ತಲ್ಲ, ಇವನು ಏನು ಹಿಡಿದುಕೊಂಡು ಇಳಿಯುತ್ತಿದ್ದಾನೆ ಎಂದು ಅನ್ನಿಸಿತು. ಕಾವಲಿನ ಗಾಜಿನ ಕೆಲಸ ನೀನು ಫ್ರೇಮಿನಣ್ಣನಿಗೇ ಕೊಟ್ಟಿದ್ದೆ. ಒಡೆದರೆ ತಗಡು ಬಡಿಯಬೇಕು. ತಲೆಬಾಗಿಲಲ್ಲಿ ನಿಂತು ಅವರು ರೆಪ್ಪೆ ಹೊಡೆಯದೆ ಕಮಾನನ್ನು ನೋಡುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರು ತಗಡು ಬಡಿದಾಗ ನಾನು ಕೂಗಿದೆನಂತೆ. ಏನೆಂದು ಕೂಗಿದೆನೋ ನನಗೆ ನೆನಪಿಲ್ಲ. ಚಪ್ಪಲಿಯವನು ಹೇಳಿದ, ಚಿಕ್ಕ ಮಗುವನ್ನು ಕರೆದ ಹಾಗೆ ಕರೆದಿರಿ ಎಂದು.

ನೀವು ಮೂವರೂ ಓಡಿ ಬಂದಿರಿ, ಪಕ್ಕದ ಮನೆಯವರು ಅಷ್ಟರಲ್ಲೇ ಬೀದಿಗೆ ಇಳಿದಿದ್ದರು. ನೀನು ನೀರು ಕೇಳಿದೆ. ನಾನು ಲೋಟ ನಿನ್ನ ಕೈಗೆ ಕೊಡುವಷ್ಟರಲ್ಲಿ ಆ ಸದ್ದು. ಮೇಲಿನ ಹಾಲು ಟೈಲ್ಸ್ ಸಮೇತ ನೇರವಾಗಿ ನನ್ನ ಅಂಗಡಿಯ ಮೇಲೆ ಕೂತಿತು. ಮಣೆಯಿದ್ದ ಜಾಗದ ಮೇಲೆ. ಹಿಂದಿನ ವಾರ ಇದೇ ಹೊತ್ತಿಗೆ ಆ ಮಣೆಯ ಮೇಲೆ ಟೀಚರು ನಿಂತಿದ್ದರು, ನಾನು ಅವರ ಕಾಲಬುಡದಲ್ಲಿ ಕೂತಿದ್ದೆ.

ಈಗ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಹೊಸ ಕಟ್ಟಡ, ಕೆತ್ತನೆ ಇಲ್ಲ, ಏನಿಲ್ಲ, ನೆಲ ಮಾತ್ರ ಸಮ. ರೀಲು ಇಟ್ಟರೆ ಇಟ್ಟಲ್ಲೇ ಇರುತ್ತದೆ. ಆದರೂ ಗೋಡೆಯಲ್ಲೊಂದು ಗಾಜಿನ ಪಟ್ಟಿ ಹಾಕಿಸಿದ್ದೇನೆ, ಬಿರುಕೇ ಇಲ್ಲದ ಗೋಡೆಗೆ. ಹಾಕಿದವರು ಫ್ರೇಮಿನಣ್ಣನೇ. ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದಾರೆ. ದಿನವೂ ಬೆಳಿಗ್ಗೆ ನೋಡುತ್ತೇನೆ, ಇಡಿಯಾಗಿರುತ್ತದೆ. ಮೊದಲಾದರೆ ಉಸಿರು ಬಿಡುತ್ತಿದ್ದೆ. ಈಗ ಇಡೀ ಗಾಜು ಕಂಡರೇ ನನಗೆ ಹೆದರಿಕೆ.

ಅದಕ್ಕೇ ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ನಾವಿಬ್ಬರೂ ಕ್ಷೇಮ. ನಾವಿಬ್ಬರೂ ಕ್ಷೇಮ. ಅವಳು ಹೇಗಿದ್ದಾಳೆಂದು ಕೇಳಿದರೂ ಅದೇ. ಏಪ್ರಿಲ್ಲಿನದರಲ್ಲಿ "ನಾವಿಬ್ಬರೂ" ಕೂಡ ಇಲ್ಲ, ಬರೀ ಕ್ಷೇಮ.

ನಿನ್ನ ಅಂಗಿಯನ್ನು ನಾನು ನೋಡಿದೆ ತಮ್ಮಾ. ದರ್ಜಿಯ ಕಣ್ಣು, ಬೇಡವೆಂದರೂ ಅಲ್ಲಿಗೇ ಹೋಗುತ್ತದೆ. ಬಿಳಿ ಅಂಗಿಯ ಮೂರನೇ ಗುಂಡಿಗೆ ಕಪ್ಪು ದಾರ ಸುತ್ತಿತ್ತು. ಗುಂಡಿ ಹೊಲಿಯುವುದನ್ನು ಅವಳಿಗೆ ಕಲಿಸಿದವಳು ನಾನು, ಅದು ಅವಳ ಕೈಯಲ್ಲ. ಪ್ಯಾಂಟಿನ ಸೊಂಟ ನಾಲ್ಕು ಬೆರಳು ಸಡಿಲವಾಗಿ ಪಿನ್ನು ಹಾಕಿಕೊಂಡಿದ್ದೆ. ನೀನು ಮಲಗಿದಾಗ ನಾನು ದೀಪ ಆರಿಸಲು ಬಂದೆ, ಎಚ್ಚರವಿದ್ದೂ ಇಲ್ಲದ ಹಾಗೆ ನೀನು "ಇರಲಿ ಬಿಡು" ಅಂದೆ.

ನಾನು ಇನ್ನು ರಟ್ಟು ತುರುಕುವುದಿಲ್ಲ. ನೇರವಾಗಿ ಕೇಳುತ್ತೇನೆ. ಅಲ್ಲಿ ಏನು ಒಡೆದಿದೆ? ಮುಂದಿನ ಕಾಗದದಲ್ಲಿ ಕ್ಷೇಮ ಎಂದು ಬರೆದರೆ ಓದದೆ ವಾಪಸು ಕಳಿಸುತ್ತೇನೆ.

ನಿನ್ನ ಅಕ್ಕ

*

ಜೂನ್ 18

ಅಕ್ಕಾ,

ಇಲ್ಲಿ ಕ್ಷೇಮವಿಲ್ಲ.

ಅವಳು ತವರಿಗೆ ಹೋಗಿ ಎರಡು ವರ್ಷವಾಯಿತು. ಜಗಳವಾಡಿ ಹೋಗಲಿಲ್ಲ. ಎಲ್ಲ ಗೋಡೆಯಲ್ಲೂ ಬಿರುಕು ಹುಡುಕುವವನ ಜೊತೆ ಇರಲಾರೆ ಎಂದು ಸಮಾಧಾನವಾಗಿಯೇ ಹೇಳಿದಳು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ನಿನಗೆ ಹೇಳೋಣವೆಂದರೆ ನಮ್ಮ ನಡುವೆ ಮಾತಿರಲಿಲ್ಲ. ಆಮೇಲೆ ನಿನ್ನ ಮನೆಯೇ ಬೀಳುತ್ತಿತ್ತು, ನನ್ನದನ್ನು ಎಲ್ಲಿ ಹೇಳಲಿ?

ರಾತ್ರಿ ನಿದ್ದೆ ಬರುವುದಿಲ್ಲ. ಬಂದರೆ ಆ ಸದ್ದು. ಮೂರನೇ ಮಹಡಿಯ ಈ ಮನೆಯಲ್ಲಿ ನಿಂತ ಕಡೆಯಲ್ಲೆಲ್ಲ ಕಾಲಡಿಯ ನೆಲ ಇಳಿಯುತ್ತಿದೆ ಅನ್ನಿಸುತ್ತದೆ. ಅಳತೆ ಹಿಡಿದು ನೋಡಿದ್ದೇನೆ, ಸಮವಾಗಿಯೇ ಇದೆ. ಹೋದ ವಾರ ಕಚೇರಿಯಿಂದ ಬಂದವನು ಮೆಟ್ಟಿಲು ಹತ್ತಲಾರದೆ ಕೆಳಗೇ ಬಹಳ ಹೊತ್ತು ಕೂತಿದ್ದೆ. ಭಯವಾಗಿದೆ ಅಕ್ಕಾ.

ನೀನು ಬರಬೇಕು. ಒಂದು ರಾತ್ರಿಯ ರೈಲು. ಕತ್ತರಿ, ಟೇಪು ತಂದರೆ ತಾ, ಬಿಟ್ಟರೆ ಬಿಡು. ಸ್ಟೇಷನ್ನಿಗೆ ಬರುತ್ತೇನೆ. ಮೆಟ್ಟಿಲಿನ ದೀಪ ಕೆಟ್ಟು ತಿಂಗಳಾಯಿತು, ಹಾಕಿಸಿಲ್ಲ. ನೀನು ಮುಂದೆ ಹತ್ತು.

ಪುಕ್ಕಲ